ಕಾರ್ತೀಕದ ಹೇಂಟೆ, ಅಕ್ಕನ ಸೆರಗು

ಹಗಲಲ್ಲೇ ಚುಕ್ಕಿ ತೋರಿಸ್ತೀನಿ ಅಂದರೆ ನಮ್ಮ ಕಡೆ ಅದು ಜಗಳದ ಮಾತು. ಹಲ್ಲು ಉದುರಿಸ್ತೀನಿ ಅನ್ನುವುದರ ಪಕ್ಕದ ಮನೆಯದು. ಆದರೆ ನಾನು ಒಂದು ಸಲ, ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿದ್ದ ನನ್ನ ಅಂಗಡಿಯಲ್ಲಿ, ಬಿಸಿಲು ನೆತ್ತಿಗೇರುವ ಹೊತ್ತಿನಲ್ಲಿ, ನಮ್ಮ ಅಕ್ಕನಿಗೆ ನಿಜವಾಗಿಯೂ ಚುಕ್ಕಿ ತೋರಿಸಿದ್ದೇನೆ. ತೋರಿಸಿದ್ದು ನಾನೇ ಎಂದರೆ ಅದೂ ಪೂರ್ತಿ ಸತ್ಯವಲ್ಲ. ಎಣ್ಣೆ ಮಿಲ್ಲಿನ ಯಜಮಾನರಿದ್ದರು, ನಮ್ಮ ಅವ್ವ ಇದ್ದಳು, ಮುಖ ಕಾಣದ ಒಬ್ಬ ಅಮೆರಿಕದವನಿದ್ದ. ಇವರೆಲ್ಲರ ಋಣ ನನ್ನ ಮೇಲಿದೆ. ಋಣ ತೀರಿಸಲಾಗದಿದ್ದರೆ ನಾಲ್ಕು ಜನರ ಮುಂದೆ ಹೇಳಿಯಾದರೂ ಹೇಳು ಎಂದು ನಮ್ಮ ಅಜ್ಜಿ ಅನ್ನುತ್ತಿದ್ದಳು. ಹೇಳುತ್ತಿದ್ದೇನೆ.

ಇದು ಎರಡು ಸಾವಿರದ ಐದೋ ಆರೋ ಇಸವಿಯ ಮಾತು. ನಾನಾಗ ಚಳ್ಳಕೆರೆಯಲ್ಲಿ ಒಂದು ಇಂಟರ್‌ನೆಟ್ ಅಂಗಡಿ ಇಟ್ಟುಕೊಂಡಿದ್ದೆ. ಗೋಡೆಯ ಆಚೆ ಶೇಂಗಾ ಎಣ್ಣೆ ಮಿಲ್ಲು. ಮಿಲ್ಲು ತಿರುಗಿದರೆ ನನ್ನ ಕಂಪ್ಯೂಟರಿನ ಮೇಜೂ ಸಣ್ಣಗೆ ನಡುಗುತ್ತಿತ್ತು. ಎಣ್ಣೆ ತೆಗೆದ ಮೇಲೆ ಉಳಿಯುವ ಬಿಸಿ ಹಿಂಡಿಯ ವಾಸನೆ ಇಡೀ ದಿನ ಮೂಗಿನಲ್ಲೇ ಇರುತ್ತಿತ್ತು. ಪರೀಕ್ಷೆಯ ಫಲಿತಾಂಶದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಉಳಿದ ದಿನ ನಾನೂ ನೊಣಗಳೂ. ಅಂಥ ಒಂದು ಖಾಲಿ ಮಧ್ಯಾಹ್ನ ಏನೋ ಹುಡುಕುತ್ತಿದ್ದವನಿಗೆ ಆ ತಾಣ ಸಿಕ್ಕಿತ್ತು. ಅಮೆರಿಕದ ಯಾವುದೋ ಮರುಭೂಮಿಯ ಗುಡ್ಡದ ಮೇಲೆ ದೊಡ್ಡದೊಂದು ದೂರದರ್ಶಕ ಇಟ್ಟಿದ್ದಾರೆ. ಅದನ್ನು ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಯಾವ ನಕ್ಷತ್ರ ಬೇಕೆಂದು ಇಲ್ಲಿ ಕೂತು ಬರೆದರೆ ಅಲ್ಲಿ ಅದು ತಾನೇ ತಿರುಗಿ, ನೋಡಿ, ಚಿತ್ರ ತೆಗೆದು ಕಳಿಸುತ್ತದೆ. ಓದಿ, "ಏನೇನ್ ಮಾಡ್ತಾರಪ್ಪ ಈ ಜನ" ಎಂದುಕೊಂಡು ಮರೆತಿದ್ದೆ. ಅದು ನಮ್ಮ ಮನೆಯ ಕೆಲಸಕ್ಕೆ ಬರುತ್ತದೆಂದು ಕನಸೂ ಇರಲಿಲ್ಲ.

ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದೆವು. ನಮ್ಮದು ಉಳ್ಳಾರ್ತಿ ಕಾವಲಿನ ಅಂಚಿನ ಹಳ್ಳಿಯಲ್ಲಿ ಕಂಬಳಿ ನೇಯುವ ಮನೆ. ಭಾವನ ಮನೆಯವರೂ ಹಿಂದೆ ಕಂಬಳಿಯವರೇ. ಅವರ ಅಪ್ಪನ ಕಾಲಕ್ಕೆ ಉಣ್ಣೆ ಬಿಟ್ಟು ರೇಷ್ಮೆಗೆ ಕೈ ಹಾಕಿದವರು. ಭಾವ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಅಕ್ಕ ಪಕ್ಕದಲ್ಲಿ ಲಾಳಿಗೆ ನೂಲು ಸುತ್ತಿಕೊಡುತ್ತಾ ಕೂರುವಳು. ಮದುವೆಯಾದಾಗಿನಿಂದ ಹಾಗೇ. ಆ ಮಗ್ಗದಿಂದ ಎಷ್ಟು ಸೀರೆ ಇಳಿದವೋ, ಅವುಗಳಲ್ಲಿ ಒಂದೂ ಅಕ್ಕನ ಮೈಮೇಲೆ ಬಂದಿರಲಿಲ್ಲ. ರೇಷ್ಮೆ ಕೊಡುವವರು ಸಾಹುಕಾರರು, ಜರಿ ಕೊಡುವವರು ಸಾಹುಕಾರರು, ಆದ್ದರಿಂದ ಸೀರೆಯೂ ಅವರದೇ. ರೇಷ್ಮೆ ನೇಯುವವನ ಹೆಂಡತಿ ಹತ್ತಿ ಸೀರೆ ಉಡುವುದು ಆ ಬೀದಿಯಲ್ಲಿ ಯಾರೂ ಗಮನಿಸುವ ಸಂಗತಿಯೇ ಅಲ್ಲ.

ಆ ವರ್ಷ ದೀಪಾವಳಿಗೆ ನಾನು ಅವರ ಮನೆಗೆ ಹೋದಾಗ ಮಗ್ಗದ ಮೇಲೆ ಬದನೇಕಾಯಿ ಬಣ್ಣದ ಹೊಸ ಹಾಸು ಏರಿತ್ತು. ಹಾಸು ಅಂದರೆ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳು. ಅದರ ಮೇಲೆ ಅಡ್ಡ ಎಳೆ ಹಾಯಿಸುತ್ತಾ ಹೋದರೆ ಸೀರೆ. ಇದು ಸಾಹುಕಾರರದಲ್ಲ, ಭಾವ ಸ್ವಂತಕ್ಕೆ ತಂದದ್ದು. ಸಾಹುಕಾರರ ಒಂದು ಹಾಸು ಮುಗಿದಿತ್ತು, ಮುಂದಿನದು ಕಾರ್ತೀಕ ಕಳೆದ ಮೇಲೆ ಬರುವುದಿತ್ತು. ನಡುವೆ ಸಿಕ್ಕ ಆ ಬಿಡುವಿನಲ್ಲಿ ಒಂದೇ ಒಂದು ಸೀರೆ, ಅದೂ ಹೆಂಡತಿಗೆ. ಬಿಡುವು ತಪ್ಪಿದರೆ ಮತ್ತೆ ಯಾವ ಕಾಲಕ್ಕೋ.

"ಏನು ನಮೂನೆ ಬೇಕು ಹೇಳು," ಎಂದರು ಭಾವ, ನಾನು ಕೂತಿದ್ದೇನೆಂದು ಸ್ವಲ್ಪ ಗತ್ತಿನಿಂದಲೇ. "ಸೆರಗಿಗೆ ನವಿಲಾ? ಮಾವಿನಕಾಯಾ? ಗೋಪುರಾನಾ?"

"ನವಿಲು ನೋಡೀ ನೋಡೀ ನನ್ನ ಕಣ್ಣಾಗೇ ಗರಿ ಹುಟ್ಟೈತೆ," ಎಂದಳು ಅಕ್ಕ. "ಊರೋರೆಲ್ಲ ಉಟ್ಟಿದ್ದೇ ನಾನೂ ಉಡಬೇಕಾ? ನಂಗೆ ಅಜ್ಜಿ ಹೇಂಟೆ ಬೇಕು."

ಅಜ್ಜಿಯ ಹೇಂಟೆ ಎಂದರೆ ಕೃತ್ತಿಕೆಯ ಚುಕ್ಕಿ. ಪುಟ್ಟದೊಂದು ಗೊಂಚಲಿನಂತೆ ಒತ್ತಾಗಿ ಕಾಣುತ್ತದಲ್ಲ, ಅದು. ನಮ್ಮ ಅಜ್ಜಿ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಕೂತು ಉಣ್ಣೆ ನೂಲುತ್ತಾ ನಮ್ಮಿಬ್ಬರಿಗೂ ಆಕಾಶ ತೋರಿಸುತ್ತಿದ್ದಳು. ಆಕೆಯ ಪ್ರಕಾರ ಆಕಾಶವೆಂದರೆ ನುಸಿ ತಿಂದ ಕರಿಕಂಬಳಿ; ತೂತಿನ ಆಚೆ ಬೆಳಕಿದೆ. ಆ ಗೊಂಚಲು ಮಾತ್ರ ತೂತಲ್ಲ, ಮರಿ ಕಟ್ಟಿಕೊಂಡ ಹೇಂಟೆ. ಮೇಲೆ ಕಾಣುವವು ಒಂದಿಷ್ಟು ಮರಿ. ಕಾಣದವು ರೆಕ್ಕೆಯ ಕೆಳಗೆ. ಎಣಿಸಲು ಹೋದರೆ ಕೈಗೆ ಪೆಟ್ಟು ಬೀಳುತ್ತಿತ್ತು. ಕುರಿಯನ್ನೂ ಕೋಳಿಮರಿಯನ್ನೂ ಬಾಯಿಬಿಟ್ಟು ಎಣಿಸಬಾರದು, ದೃಷ್ಟಿಯಾಗುತ್ತದೆ ಎನ್ನುವುದು ನಮ್ಮವರ ನಂಬಿಕೆ.

"ಅದಾ! ಅದು ಮಾ ಪಿಲ್ಲಲಕೋಡಿ ಅಲ್ಲೇನೆ!" ಎಂದರು ಭಾವ. ಮೊಳಕಾಲ್ಮೂರಿನಲ್ಲಿ ಅರ್ಧ ಮಾತು ತೆಲುಗೇ. ಅವರ ಕಡೆಯೂ ಅದು ಮರಿಗಳ ಕೋಳಿಯೇ ಎಂದು ಕೇಳಿ ನನಗೆ ಬಲು ಖುಷಿಯಾಯಿತು. ಭಾವ ಆಗಲೇ ಚೌಕಳಿ ಹಾಳೆ ತೆಗೆದು, ಪೆನ್ಸಿಲಿನಿಂದ ಆರು ಚುಕ್ಕಿ ಇಟ್ಟು ಅಕ್ಕನ ಮುಂದೆ ಹಿಡಿದರು.

ಅಕ್ಕ ನೋಡಿದಳು. "ಇದು ಹೆಸರುಕಾಳು ಚೆಲ್ಲಿದಂಗೈತೆ."

"ಕಣ್ಣಿಗೆ ಕಾಣೋದು ಅಷ್ಟೇ ಕಣೆ!"

"ಮತ್ತೆ ರೆಕ್ಕೆ ಕೆಳಗಿನವು?"

"ಅದನ್ನ ನಾನೇನ್ ಕಂಡಿದೀನಾ? ಕಾಣದಿದ್ದನ್ನ ಹೆಂಗೆ ನೇಯಲಿ? ನಿಮ್ಮ ಅಜ್ಜಿನೇ ಕರ್ಕೊಂಡು ಬಾ, ನಮೂನೆ ಬರ್ದು ಕೊಡಲಿ."

"ಅಜ್ಜಿ ಬರಂಗಿದ್ರೆ," ಎಂದಳು ಅಕ್ಕ, ಕೈಯಲ್ಲಿನ ನೂಲು ಬಿಡದೆ, "ಸೀರೆ ಮ್ಯಾಲೆ ಯಾಕೆ ಕೇಳ್ತಿದ್ದೆ?"

ಭಾವ ಹಾಳೆಯ ಮೇಲಿನ ಆರು ಚುಕ್ಕಿಗಳನ್ನು ರಬ್ಬರಿನಿಂದ ಒಂದೊಂದಾಗಿ ಒರೆಸಿದರು. ಸೀರೆಯ ಮೈ ನೇಯುವುದು ಕಾರ್ತೀಕದ ಅಮಾವಾಸ್ಯೆಯ ಹೊತ್ತಿಗೆ ಮುಗಿಯುತ್ತದೆ, ಸೆರಗು ಕೊನೆಗೆ. ಅಷ್ಟರೊಳಗೆ ನೋಡೋಣ ಎಂದರು. ಆಗ ನನಗೆ ಗುಡ್ಡದ ಮೇಲಿನ ಆ ದೂರದರ್ಶಕ ನೆನಪಾಯಿತು. ನೆನಪಾದದ್ದೇ ತಡ, ಬಾಯಿಂದ ಬಂದೂ ಬಿಟ್ಟಿತು. "ಬಾವ, ರೆಕ್ಕೆ ಕೆಳಗಿನವನ್ನ ನಾನು ತಂದ್ಕೊಡ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟೆ. ಊರಿಗೆ ಬಂದ ಮೇಲೆ ಆ ತಾಣ ತೆರೆದು ನೋಡಿದೆ. ಬಾಡಿಗೆ ಕಟ್ಟಲು ಹೊರದೇಶದಲ್ಲಿ ನಡೆಯುವಂಥ ಕಾರ್ಡು ಬೇಕು. ನನ್ನ ಹತ್ತಿರ ಇದ್ದದ್ದು ರೇಷನ್ ಕಾರ್ಡು. ಬಜಾರಿನಲ್ಲಿ ಅಂಥ ಕಾರ್ಡಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ, ಗೋಡೆಯಾಚೆಯ ಮಿಲ್ಲಿನ ಯಜಮಾನರು. ಅವರಿಗೆ ನಕ್ಷತ್ರದ ಬಾಡಿಗೆ ಹೇಗೆ ವಿವರಿಸುವುದೆಂದು ತಿಳಿಯದೆ ತೊದಲಿದೆ. ಅವರು ಅರ್ಧಕ್ಕೇ ಕೈ ಎತ್ತಿದರು.

"ಸಾಕು ಬಿಡಪ್ಪಾ, ತಿಳೀತು. ರೈತರು ನಮ್ಮಲ್ಲಿಗೆ ಶೇಂಗಾ ತರ್ತಾರೆ, ಸರದಿ ಹಚ್ತಾರೆ, ಎಣ್ಣೆ ಮಾಡಿಸ್ಕೊಂಡು ಹೋಗ್ತಾರೆ. ಗಾಣ ನಮ್ದು, ಎಣ್ಣೆ ಅವ್ರದ್ದು. ಇದೂ ಹಂಗೇ ತಾನೇ? ಮಿಷಿನ್ನು ಅವ್ರದ್ದು, ಚುಕ್ಕಿ ನಿಮ್ದು."

"ಅಷ್ಟೇ ಯಜಮಾನ್ರೇ."

"ಹಿಂಡಿ ಯಾರಿಗೆ?" ಎಂದು ಗಂಭೀರವಾಗಿ ಕೇಳಿ, ನಾನು ಕಕ್ಕಾಬಿಕ್ಕಿಯಾದದ್ದನ್ನು ನೋಡಿ ಹೊಟ್ಟೆ ಕುಲುಕಿಸಿ ನಕ್ಕರು. ಕಾರ್ಡು ಕೊಟ್ಟರು. ಯಾಕೆ, ಏನು, ಯಾವಾಗ ವಾಪಸು, ಒಂದನ್ನೂ ಕೇಳಲಿಲ್ಲ. ಅಂದಿನಿಂದ ನಾನು ಯಾರಿಗಾದರೂ ದೂರದರ್ಶಕದ ಬಾಡಿಗೆ ವಿವರಿಸಬೇಕಾದರೆ ಯಜಮಾನರ ಗಾಣವನ್ನೇ ಎರವಲು ತಂದಿದ್ದೇನೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಇನ್ನು ದಿನ ಗೊತ್ತು ಮಾಡುವುದು. ಅದು ಅವ್ವನ ಇಲಾಖೆ. ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು, ಬೆರಳು ಆಡಿಸಿದಳು, ಒಂದು ಕ್ಷಣ ಕೂಡ ಅನುಮಾನ ಪಡಲಿಲ್ಲ.

"ಕಾರ್ತೀಕದ ಹುಣ್ಣಿಮೆ. ಅದಕ್ಕಿಂತ ಒಳ್ಳೆ ದಿನ ಇನ್ನೊಂದೈತಾ? ತಿಂಗಳಿಗೆ ಹೆಸರು ಬಂದಿದ್ದೇ ಆ ಚುಕ್ಕಿಯಿಂದ. ಮನೆ ಮಗಳ ಮೊದಲನೇ ರೇಷ್ಮೆ ಸೀರೆ ಕೆಲಸ, ಹುಣ್ಣಿಮೆ ದಿನ ಮಾಡಿದ್ರೆ ತುಂಬಿದ ಕೊಡದಂಗೆ."

ನನಗೂ ಸರಿ ಎನಿಸಿತು. ಅಂಗಡಿಗೆ ಹೋಗಿ ತಾಣ ತೆರೆದು ನೋಡಿದರೆ ಹುಣ್ಣಿಮೆಯ ದಿನ ಬಾಡಿಗೆ ಅರ್ಧಕ್ಕರ್ಧ ಕಡಿಮೆ! ಅಮೆರಿಕದವರೂ ಹುಣ್ಣಿಮೆಗೆ ಬೆಲೆ ಕೊಡುವ ಜನ, ಹಬ್ಬದ ರಿಯಾಯಿತಿ ಬಿಟ್ಟಿದ್ದಾರೆ ಎಂದುಕೊಂಡೆ. ಅವ್ವನಿಗೆ ಹೇಳಿದಾಗ, "ನೋಡಿದ್ಯಾ, ಆ ದೇಶದಾಗೂ ತಿಳಿದೋರು ಇದಾರೆ" ಎಂದಳು. ಇಬ್ಬರಿಗೂ ಬಹಳ ಸಮಾಧಾನ.

ಈಗ ನೆನೆದರೆ ಒಬ್ಬನೇ ಕೂತಿರುವಾಗಲೂ ನಗು ಬರುತ್ತದೆ. ಕಾರ್ತೀಕಕ್ಕೆ ಆ ಹೆಸರು ಯಾಕೆ? ಆ ತಿಂಗಳ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಮಗ್ಗುಲಲ್ಲೇ ಬಂದು ನಿಲ್ಲುತ್ತಾನೆ, ಅದಕ್ಕೆ. ಇಡೀ ವರ್ಷದಲ್ಲಿ ಆ ಚುಕ್ಕಿಗಳನ್ನು ಯಾವ ದಿನ ನೋಡಲೇಬಾರದೋ ಅದೇ ದಿನವನ್ನು ನಾವು ಶಾಸ್ತ್ರೋಕ್ತವಾಗಿ ಆರಿಸಿದ್ದೆವು. ಬಾಡಿಗೆ ಅರ್ಧವಾದದ್ದು ಹಬ್ಬಕ್ಕಲ್ಲ. ಬೆಳದಿಂಗಳಲ್ಲಿ ಆಕಾಶ ಏನೂ ಕಾಣುವುದಿಲ್ಲ, ತಿಳಿದವರು ಯಾರೂ ಬರುವುದಿಲ್ಲ, ಅದಕ್ಕೆ. ಪಂಚಾಂಗ ಇಲ್ಲದ ಜನ ಈ ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ.

ಹುಣ್ಣಿಮೆಯ ದಿನ ಬೆಳಿಗ್ಗೆ ಅವ್ವ ಕಂಪ್ಯೂಟರಿಗೆ ಕುಂಕುಮವಿಟ್ಟಳು. ಇಲ್ಲಿ ನಮಗೆ ಹಗಲು, ಅಲ್ಲಿ ಅವರಿಗೆ ರಾತ್ರಿ; ಆದ್ದರಿಂದ ಎಲ್ಲ ಅಂಗಡಿಯ ವೇಳೆಯಲ್ಲೇ ನಡೆಯಿತು. ಚಿತ್ರ ಬಂತು. ಹಾಲು ಉಕ್ಕಿ ಒಲೆಯ ಮೇಲೆ ಹರಿದಂತೆ ಇಡೀ ಪರದೆ ಬೆಳ್ಳಗೆ. ಅದರೊಳಗೆ ಕಣ್ಣು ಕಿರಿದು ಮಾಡಿ ಹುಡುಕಿದರೆ ನಾಲ್ಕೈದು ಮಸುಕು ಮಸುಕು ಚುಕ್ಕಿ.

"ಹೇಂಟೆ ಎಲ್ಲೈತೋ?" ಎಂದಳು ಅವ್ವ.

"ಹಾಲಾಗೆ ಬಿದ್ದೈತೆ," ಎಂದೆ.

ಮೊಳಕಾಲ್ಮೂರಿನಲ್ಲಿ ಭಾವನ ಮನೆಯ ಎದುರಿನ ಅಂಗಡಿಗೆ ಫೋನು ಮಾಡಿ ಕರೆಸಿ ಹೇಳಿದೆ. ಭಾವ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಆಯ್ತು ಬಿಡಪ್ಪಾ. ಮೈ ನೇಯ್ತಾ ಇರ್ತೀನಿ. ಅಮಾಸೆಗೆ ಮುಗೀತದೆ. ಅಷ್ಟರಾಗೆ ಆದ್ರೆ ಆಯ್ತು, ಇಲ್ಲಾಂದ್ರೆ ನವಿಲು ಹಾಕಿ ಇಳಿಸ್ತೀನಿ. ಸಾಹುಕಾರ್ರ ಹಾಸು ಬಂದು ಕೂಡ್ತದಲ್ಲ," ಎಂದರು. ಆಮೇಲೆ, "ನಿಮ್ಮಕ್ಕಂಗೆ ನವಿಲು ಅಂತ ನಾನು ಹೇಳಲ್ಲ, ನೀನೇ ಹೇಳ್ಬೇಕು ನೋಡು" ಎಂದರು.

ನನಗೆ ತಿಳಿದ ಮುರುಕು ಇಂಗ್ಲಿಷಿನಲ್ಲಿ ಆ ತಾಣದವರಿಗೆ ಒಂದು ಪತ್ರ ಬರೆದೆ. ದೂರಲಿಲ್ಲ. ಇದು ನಮ್ಮ ಅಕ್ಕನ ಸೀರೆಗೆ ಬೇಕಾಗಿತ್ತು, ಒಳ್ಳೆಯ ದಿನ ಎಂದು ಹುಣ್ಣಿಮೆ ಆರಿಸಿದೆವು, ಎಲ್ಲ ಬೆಳ್ಳಗಾಯಿತು, ನಮ್ಮದೇನು ತಪ್ಪು ಎಂದು ಕೇಳಿದೆ, ಅಷ್ಟೇ. ಯಂತ್ರ ತಾನೇ ನಡೆಯುತ್ತದೆ, ಪತ್ರ ಓದಲು ಅಲ್ಲಿ ಮನುಷ್ಯರು ಇರುತ್ತಾರೋ ಇಲ್ಲವೋ ಎಂಬ ಗುಮಾನಿಯೂ ಇತ್ತು.

ಮರುದಿನ ಉತ್ತರ ಬಂದಿತ್ತು. ಬರೆದವನು ಆ ದೂರದರ್ಶಕವನ್ನು ನೋಡಿಕೊಳ್ಳುವವನು. ಗೆಳೆಯಾ, ಚಂದ್ರ ಯಾವುದರ ಪಕ್ಕ ಕೂತಿದ್ದನೋ ಅದನ್ನೇ ನೀವು ಕೇಳಿದಿರಿ. ಚಂದ್ರನಿಲ್ಲದ ದಿನ ಬನ್ನಿ, ನಿಮ್ಮ ನಿಮಿಷಗಳನ್ನು ವಾಪಸು ಹಾಕಿದ್ದೇನೆ, ಸೀರೆ ಎಂದರೆ ಎಷ್ಟು ಉದ್ದ ಇರುತ್ತದೆ ಎಂದು ಬರೆದಿದ್ದ. ನಾನು ಸೀರೆಯ ಉದ್ದ ಬರೆದೆ. ಅವನು, ಅಷ್ಟು ಬಟ್ಟೆಯಲ್ಲಿ ನಮ್ಮ ದೂರದರ್ಶಕದ ಗುಡಿಸಲನ್ನೇ ಸುತ್ತಬಹುದು ಎಂದು ಬರೆದ. ಕಂಡಿಲ್ಲದ, ಕೇಳಿಲ್ಲದ ಮನುಷ್ಯ. ಚಳ್ಳಕೆರೆ ಎಂಬುದೊಂದು ಊರು ಇದೆ ಎಂದು ಅವನಿಗೆ ನನ್ನಿಂದಲೇ ತಿಳಿದದ್ದು.

ಚಂದ್ರನಿಲ್ಲದ ದಿನ ಎಂದರೆ ಅಮಾವಾಸ್ಯೆ. ಅಮಾವಾಸ್ಯೆ ಎಂದೊಡನೆ ಅವ್ವ ಎದ್ದು ನಿಂತಳು. "ಬಿಲ್‌ಕುಲ್ ಬ್ಯಾಡ. ಅಮಾಸೆ ದಿನ ಹೊಸ ಕೆಲಸ ಯಾರಾದ್ರೂ ಹಿಡೀತಾರಾ? ನೇಕಾರ್ರು ಮಗ್ಗನೇ ಮುಟ್ಟಲ್ಲ ಅವತ್ತು."

ಆ ಒಂದು ಮಾತು ನಿಜ. ಮೊಳಕಾಲ್ಮೂರಿನಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ರಜ. ಪೂಜೆ ಮಾಡಿ ಸುಮ್ಮನೆ ಬಿಡುತ್ತಾರೆ. ಅದರಿಂದಲೇ ನಮಗೆ ಅನುಕೂಲವಾಯಿತು. ಬೇರೆ ದಿನವಾಗಿದ್ದರೆ ಭಾವ ಮಗ್ಗ ಬಿಟ್ಟು ಚಳ್ಳಕೆರೆಗೆ ಬರುವ ಪ್ರಶ್ನೆಯೇ ಇರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅಕ್ಕ, ಭಾವ ಇಬ್ಬರೂ ಮೊದಲ ಬಸ್ಸಿಗೇ ಬಂದಿಳಿದರು. ಸೀರೆಯ ಮೈ ಮುಗಿದಿತ್ತು. ಸೆರಗಿಗೆ ಬಿಟ್ಟ ಹಾಸು ಮಗ್ಗದ ಮೇಲೆ ಬರಿದಾಗಿ ಕಾಯುತ್ತಿತ್ತು.

ಅವ್ವ ಅಂಗಡಿಯ ಬಾಗಿಲಿಗೆ ಅಡ್ಡ ಕೂತಿದ್ದಳು. ಒಳಗೆ ಹೋಗಬೇಕಾದರೆ ಅವಳನ್ನು ದಾಟಬೇಕು; ಅವ್ವನನ್ನು ದಾಟುವ ಮಕ್ಕಳು ನಮ್ಮ ಮನೆಯಲ್ಲಿ ಹುಟ್ಟಿಲ್ಲ.

ಅಕ್ಕ ಪಕ್ಕದಲ್ಲೇ ಕೂತಳು. "ಅವ್ವಾ, ಅಮೆರಿಕದಾಗೆ ಈಗ ಯಾವತ್ತು ಗೊತ್ತೈತಾ?"

"ಯಾವತ್ತು?"

"ನಿನ್ನೆ. ಅವರಿಗೆ ಇನ್ನಾ ನಿನ್ನೆ ರಾತ್ರಿನೇ ಮುಗಿದಿಲ್ಲಂತೆ. ಕೇಳು ಬೇಕಾದ್ರೆ ತಮ್ಮನ್ನ."

ಅವ್ವ ನನ್ನ ಕಡೆ ತಿರುಗಿದಳು. "ಹೌದೇನೋ?"

"ತಾರೀಕು ನೋಡಿದ್ರೆ ಹೌದವ್ವ, ಅಲ್ಲಿ ನಿನ್ನೇದೇ ನಡೀತಿದೆ."

ಅವ್ವ ಕಂಪ್ಯೂಟರಿನ ಕಡೆ ಬೆರಳು ಮಾಡಿದಳು. "ಕೆಲಸ ಮಾಡೋ ಮಿಷಿನ್ನು ಇರೋದು ಎಲ್ಲಿ?"

"ಅಲ್ಲೇ."

"ಹಂಗಾರೆ ಇವತ್ತಿನ ಅಮಾಸೆ ಅದಕ್ಕೆ ತಗಲಲ್ಲ," ಎಂದು ತೀರ್ಪು ಕೊಟ್ಟು ಎದ್ದು ದಾರಿ ಬಿಟ್ಟಳು. "ಆದ್ರೆ ಗುಂಡಿ ನೀನು ಒತ್ತಬ್ಯಾಡ, ನಾನೇ ಒತ್ತುತೀನಿ. ಏನಾದ್ರೂ ಆದ್ರೆ ನಂಗೇ ಆಗ್ಲಿ." ಹಾಗೆ ಹೇಳಿ, ನಾನು ತೋರಿಸಿದ ಕಡೆ, ಬಿಸಿ ರೊಟ್ಟಿ ಮುಟ್ಟಿದಂತೆ ಬೆರಳು ತಾಗಿಸಿ ತೆಗೆದಳು.

ನಮ್ಮ ಸರದಿ ಬಂತು. ಅಷ್ಟೇ, ಕರೆಂಟು ಹೋಯಿತು.

ಪರದೆ ಕಪ್ಪಾಯಿತು, ಮಿಲ್ಲು ಉಸಿರು ಬಿಟ್ಟು ನಿಂತಿತು, ಮೇಜಿನ ನಡುಕ ನಿಂತಿತು. ಅವ್ವ ಯಾರ ಮುಖವನ್ನೂ ನೋಡಲಿಲ್ಲ. ನಾನು ಹೇಳಿದೆ, ಇಲ್ಲಿ ಕರೆಂಟು ಹೋದರೂ ಅಲ್ಲಿನ ಕೆಲಸ ನಿಲ್ಲುವುದಿಲ್ಲ, ನಾವು ಹೇಳಿದ್ದು ಅದಕ್ಕೆ ಮುಟ್ಟಿದೆ ಎಂದು. ಮುಟ್ಟಿದೆಯೋ ಇಲ್ಲವೋ ನನಗೇ ಖಾತರಿ ಇರಲಿಲ್ಲ. ಭಾವ ಬೆರಳಿನ ಗೆಣ್ಣು ಮುರಿಯುತ್ತಾ ಕೂತರು. ಮಿಲ್ಲಿನ ಯಜಮಾನರು ಗೋಡೆಯಾಚೆಯಿಂದ ಬಂದು ಬಾಗಿಲಲ್ಲಿ ನಿಂತು, "ಏನಪ್ಪಾ, ಎಣ್ಣೆ ಇಳೀತಾ?" ಎಂದವರು ನಮ್ಮ ಮುಖ ನೋಡಿ ತೆಪ್ಪಗೆ ಒಳಗೆ ಬಂದು ಕೂತರು. ಸೆಖೆ. ಅಕ್ಕ ಸೆರಗಿನಿಂದ ಅವ್ವನಿಗೆ ಗಾಳಿ ಹಾಕುತ್ತಾ, ಅಜ್ಜಿ ಒಮ್ಮೆ ನೂಲುತ್ತಾ ನೂಲುತ್ತಾ ಚುಕ್ಕಿ ತೋರಿಸಲು ಕತ್ತೆತ್ತಿದಾಗ ಮೇಕೆ ಬಂದು ಉಣ್ಣೆಯ ಬುಟ್ಟಿಯಲ್ಲಿ ಮಲಗಿದ್ದನ್ನು ಹೇಳಿದಳು. ನಾವು ನಕ್ಕೆವು. ಕಾಯುವವರ ನಗು, ಬೇಗ ಮುಗಿಯಿತು.

ಮಿಲ್ಲು ಮತ್ತೆ ಗುರ್ ಎಂದಿತು. ಯಜಮಾನರು ಆಗಲೇ ಜನರೇಟರ್ ಹಾಕಲು ಆಳಿಗೆ ಹೇಳಿ ಬಂದಿದ್ದರಂತೆ. ಕಿಟಕಿಯ ಮೂಲಕ ಒಂದು ವೈರು ನಮ್ಮ ಕಡೆಗೂ ಬಂತು. "ಹಬ್ಬ ಇದ್ರೆ ಮಾತ್ರ ಪಕ್ಕದೋರಿಗೆ ಕೊಡೋದು, ಇವತ್ತೂ ಇರ್ಲಿ," ಎಂದರು.

ಕಂಪ್ಯೂಟರು ಎದ್ದು ನಿಂತಿತು, ಲೈನು ಹಿಡಿಯಿತು, ತಾಣ ತೆರೆದು ಚಿತ್ರ ಕೇಳಿದೆ. ಚಿತ್ರ ಅಲ್ಲಿ ಕೂತು ನಮ್ಮನ್ನೇ ಕಾಯುತ್ತಿತ್ತು. ನಮ್ಮ ಊರಿನ ಆಗಿನ ಇಂಟರ್‌ನೆಟ್ಟು ನಿಮಗೆ ಗೊತ್ತಲ್ಲ. ಮೇಲಿನ ಅಂಚಿನಿಂದ ಒಂದು ತೆಳು ಪಟ್ಟಿ ಕಪ್ಪಗೆ ಇಳಿಯಿತು. ನಿಂತಿತು. ಅದರ ಕೆಳಗೆ ಇನ್ನೊಂದು. ಮತ್ತೊಂದು. ಒಂದು ಪಟ್ಟಿಯಲ್ಲಿ ಒಂದು ಬೆಳಕಿನ ಚೂರು, ಮುಂದಿನದರಲ್ಲಿ ಅದು ದುಂಡಗೆ.

ಭಾವ ಕುರ್ಚಿ ಮುಂದಕ್ಕೆಳೆದರು. "ಲೇ... ಇದೂ ನೇಯ್ಗೆನೇ! ಅಡ್ಡ ಎಳೆ ಹಾಕ್ತಾ ಹಾಕ್ತಾ ಇಳೀತೈತೆ ನೋಡು!"

ನಾವು ಐದು ಜನ ಕೂತು ಆ ನೇಯ್ಗೆ ನೋಡಿದೆವು. ಆರು ಚುಕ್ಕಿ ಬಂದವು. ಆರರ ಸುತ್ತ, ನಡುವೆ, ಆಚೆ ಈಚೆ, ಸಣ್ಣವು, ಅದಕ್ಕಿಂತ ಸಣ್ಣವು, ಇದ್ದೂ ಇಲ್ಲದಂಥವು. ದೊಡ್ಡ ಚುಕ್ಕಿಗಳ ಸುತ್ತ ತೆಳ್ಳಗೆ ಹೊಗೆಯಂಥ ಬೆಳಕು, ಗೀರು ಗೀರಾಗಿ ಹರಡಿತ್ತು. ಅಕ್ಕ ಪರದೆಯ ಹತ್ತಿರ ಬಗ್ಗಿದಳು.

"ಗರಿ," ಎಂದಳು. "ಅವ್ವಾ, ಗರಿ ನೋಡು. ಮರಿ ಮ್ಯಾಲೆ ರೆಕ್ಕೆ ಹರವೈತೆ."

ಅವ್ವ ನೋಡಿ, ತನ್ನ ಅತ್ತೆಗೆ, ಅಂದರೆ ನಮ್ಮ ಅಜ್ಜಿಗೆ, ಅಲ್ಲಿಂದಲೇ ಕೈ ಮುಗಿದಳು.

ಭಾವ ಬೆರಳು ಮುಂದೆ ಮಾಡಿ, "ಒಂದು, ಎರಡು..." ಎಂದು ಶುರು ಮಾಡಿದ್ದೇ ತಡ, ಅಕ್ಕ ಅವರ ಕೈಗೆ ಪಟ್ಟೆಂದು ಹೊಡೆದಳು. ಥೇಟ್ ಅಜ್ಜಿಯ ಪೆಟ್ಟು.

"ಎಣಿಸಬ್ಯಾಡ್ರಿ!"

"ಎಣಿಸದೆ ಹೆಂಗೆ ನೇಯಲೇ?"

"ನೋಡ್ಕೊಂಡು ನೇಯ್ರಿ. ನೀವು ನೇಯ್ದಷ್ಟು ಮರಿ."

ಅದನ್ನು ಕಾಗದದ ಮೇಲೆ ತೆಗೆಯಲು ಹೋದರೆ ಆಕಾಶದ ಕಪ್ಪಿಗೆ ನನ್ನ ಪ್ರಿಂಟರಿನ ಶಾಯಿ ಅರ್ಧ ಹಾಳೆಗೇ ಮುಗಿಯಿತು. ಕಪ್ಪು ಬಿಳುಪು ಅದಲುಬದಲು ಮಾಡಿ, ಬಿಳಿ ಆಕಾಶದ ಮೇಲೆ ಕರಿ ಚುಕ್ಕಿಗಳನ್ನು ಇಳಿಸಿಕೊಟ್ಟೆ. ಭಾವನಿಗೆ ಅದೇ ಹಿಡಿಸಿತು. ಚೌಕಳಿ ಹಾಳೆಗೆ ಎತ್ತಿಕೊಳ್ಳುವುದು ಸುಲಭವಂತೆ. ಅದನ್ನು ಸುರು‌ಳಿ ಸುತ್ತಿ ಬನಿಯನ್ನಿನ ಒಳಗಿಟ್ಟುಕೊಂಡು ಬಸ್ಸು ಹತ್ತಿದರು.

ಸೆರಗಿನ ಕೆಲಸ ಮುಗಿಯುವ ಹೊತ್ತಿಗೆ ಅವ್ವನನ್ನು ಕರೆದುಕೊಂಡು ನಾನೂ ಮೊಳಕಾಲ್ಮೂರಿಗೆ ಹೋದೆ. ಸೀರೆ ಅಂದು ಮಧ್ಯಾಹ್ನವೇ ಮಗ್ಗದಿಂದ ಇಳಿದಿತ್ತು. ಆದರೆ ಭಾವ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು, ಮಗ್ಗವೇ ಇಲ್ಲದವರಂತೆ ಕೂತಿದ್ದರು.

"ಏನಾಯ್ತು ಬಾವ?"

"ಉಲ್ಟಾ ಆಯ್ತು," ಎಂದರು.

ಅವರ ಮಗ್ಗದಲ್ಲಿ ಸೀರೆಯ ಒಳಮೈ ನೇಕಾರನ ಕಡೆಗಿರುತ್ತದೆ, ಹೊರಮೈ ಕೆಳಗೆ. ನವಿಲು ಎಡಕ್ಕೆ ನೋಡಬೇಕಾದರೆ ಹಾಳೆಯಲ್ಲಿ ಬಲಕ್ಕೆ ಬರೆದುಕೊಳ್ಳಬೇಕು. ಭಾವನಿಗೆ ಇದು ಉಸಿರಾಡಿದಷ್ಟು ರೂಢಿ, ಎಂದೂ ತಪ್ಪಿದವರಲ್ಲ. ಈ ಒಂದು ಸಲ, ಚಿತ್ರದ ಮೇಲಿನ ಆಸೆಗೋ ಏನೋ, ಹಾಳೆಯನ್ನು ತಿರುಗಿಸಿ ಬರೆದುಕೊಳ್ಳುವುದನ್ನೇ ಮರೆತಿದ್ದರು. ಇದ್ದದ್ದನ್ನು ಇದ್ದ ಹಾಗೇ ನೇಯ್ದಿದ್ದರು. ಈಗ ಹೊರಮೈಯಲ್ಲಿ ಚಿತ್ರದ ಎಡದ್ದೆಲ್ಲ ಬಲಕ್ಕೆ, ಬಲದ್ದೆಲ್ಲ ಎಡಕ್ಕೆ.

"ಯಾರದ್ದೋ ಸೀರೆಗೆ ಒಂದು ದಿನ ತಪ್ಪಿಲ್ಲ. ಇವಳದ್ದಕ್ಕೇ ತಪ್ಪಿತು," ಎಂದರು. ಹಾಸು ಮುಗಿದಿತ್ತು. ಬಿಚ್ಚಿ ನೇಯಲು ಏನೂ ಉಳಿದಿರಲಿಲ್ಲ.

"ಉಡೋಳು ನಾನು," ಎಂದಳು ಅಕ್ಕ. "ನಂಗೆ ಉಲ್ಟಾನೇ ಚೆಂದ ಐತೆ. ಹೇಂಟೆ ಆ ಕಡೆ ತಿರುಗಿದ್ರೇನು, ಈ ಕಡೆ ತಿರುಗಿದ್ರೇನು, ಮರಿ ಜೊತೆಗವೆ." ಆದರೆ ಅವಳ ದನಿ ಅವಳು ಅಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ. ಅಜ್ಜಿಯ ಹೇಂಟೆ ಇದ್ದ ಹಾಗೇ ಬೇಕೆಂದು ಹಟ ಹಿಡಿದವಳು ಅವಳೇ ತಾನೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕ ಸೀರೆಯನ್ನು ಎತ್ತಿಕೊಂಡು ಮಾಳಿಗೆ ಹತ್ತಿದಳು. "ಬಾರೋ ತಮ್ಮ, ಒಂದ್ ತುದಿ ಹಿಡಿ. ಚುಕ್ಕಿಗೆ ತೋರಿಸಬೇಕು." ನಾವೂ ಹತ್ತಿದೆವು. ಭಾವ ಕೊನೆಗೆ ಬಂದರು, ಮೆಟ್ಟಿಲು ಎಣಿಸುವವರಂತೆ ತಲೆ ತಗ್ಗಿಸಿ. ಮೂಡಲಲ್ಲಿ ಹೇಂಟೆ ಆಗಲೇ ಎದ್ದಿತ್ತು. ಅಕ್ಕ ಸೆರಗನ್ನು ಅದರ ಪಕ್ಕಕ್ಕೆ ಎತ್ತಿ ಹಿಡಿದು, ಆಕಾಶಕ್ಕೆ ಹೊಂದುವಂತೆ ವಾಲಿಸಿದಳು. ಬದನೇಕಾಯಿ ಬಣ್ಣದ ಮೇಲೆ ಜರಿಯ ಚುಕ್ಕಿ, ಸುತ್ತ ಬೂದಿ ಬಣ್ಣದ ರೇಷ್ಮೆಯ ಗರಿ.

ಹೇಂಟೆಯ ಬಾಲದಂತೆ ಒಂದು ಕಡೆ ಚಾಚಿದ ಚುಕ್ಕಿ, ಆಕಾಶದಲ್ಲಿ ಯಾವ ಕಡೆ ಇತ್ತೋ ಸೆರಗಿನಲ್ಲೂ ಅದೇ ಕಡೆ ಇತ್ತು.

ಅಕ್ಕ ಸೆರಗು ಇಳಿಸಿ ಮತ್ತೆ ಎತ್ತಿದಳು. "ರೀ," ಎಂದಳು, "ಬನ್ರಿ ಇಲ್ಲಿ."

ಭಾವ ನೋಡಿದರು. ಸೆರಗಿನ ಒಳಮೈ ತಿರುಗಿಸಿ ನೋಡಿದರು, ಹೊರಮೈ ತಿರುಗಿಸಿ ನೋಡಿದರು, ಆಕಾಶವನ್ನೂ ತಿರುಗಿಸಲು ಆಗುತ್ತದೆಯೋ ಎಂಬಂತೆ ನೋಡಿದರು. "ಅಯ್ಯೋ ದೇವುಡಾ," ಎಂದು ಮಾಳಿಗೆಯ ಮೇಲೇ ಕುಕ್ಕರಿಸಿದರು. ಸೀರೆ ಸರಿಯಾಗಿತ್ತು. ಉಲ್ಟಾ ಇದ್ದದ್ದು ಚಿತ್ರವೇ.

ಅಕ್ಕ ಆ ಸೀರೆ ಮೊದಲು ಉಟ್ಟದ್ದು ಚಳ್ಳಕೆರೆಯ ನನ್ನ ಅಂಗಡಿಗೆ. ಎಣ್ಣೆಗೆ ಬಂದ ರೈತರ ಸಾಲಿನ ನಡುವೆ ಮಿಲ್ಲಿಗೆ ಹೋಗಿ ಯಜಮಾನರಿಗೆ ಸೆರಗು ತೋರಿಸಿದಳು. ಅವರು ಕೈಯ ಎಣ್ಣೆ ಪಂಚೆಗೆ ಒರೆಸಿಕೊಂಡು, ಆದರೂ ಮುಟ್ಟದೆ, "ಹಿಂಡಿ ಇಲ್ದಂಗೆ ಬರೀ ಎಣ್ಣೆನೇ ಇಳಿಸಿದೀಯ ತಾಯಿ" ಎಂದರು. ಸೆರಗಿನ ಫೋಟೋ ತೆಗೆಸಿ ಗುಡ್ಡದ ಮೇಲಿನ ಆ ಮನುಷ್ಯನಿಗೆ ಕಳಿಸಿದೆವು.

ಅವನ ಉತ್ತರವನ್ನು ನಾನು ಅಂಗಡಿಯಲ್ಲೇ ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದೆ. ಇಷ್ಟು ವರ್ಷ ಚಿತ್ರ ಕಳಿಸಿದ್ದೇನೆ, ಒಂದಾದರೂ ಬಟ್ಟೆಯಾಗಿ ವಾಪಸು ಬಂದದ್ದು ಇದೇ ಮೊದಲು, ಗೋಡೆಗೆ ಹಾಕಿದ್ದೇನೆ ಎಂದು ಬರೆದಿದ್ದ. ಕೊನೆಗೆ ಒಂದು ಕ್ಷಮೆ: ನಮ್ಮ ದೂರದರ್ಶಕದ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಬರುತ್ತದೆ, ನಿಮಗೆ ಹೇಳುವುದನ್ನೇ ಮರೆತಿದ್ದೆ; ಆದರೂ ನಿಮ್ಮ ನೇಕಾರರು ಅದನ್ನು ಹೇಗೆ ಕಂಡುಹಿಡಿದು ಸರಿಮಾಡಿದರು?

ಭಾವ ಮೀಸೆ ತೀಡಿಕೊಂಡರು. "ನೋಡ್ದೇಟಿಗೇ ಗೊತ್ತಾಯ್ತು ಅಂತ ಬರಿ."

"ಏ, ಸುಳ್ಳು ಬರೀಬ್ಯಾಡ," ಎಂದಳು ಅಕ್ಕ, ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತಾ. "ಇವ್ರೂ ಮರೆತಿದ್ರು ಅಂತ ಬರಿ. ಅಲ್ಲಿ ನೀನು ಮರೆತೆ, ಇಲ್ಲಿ ಇವ್ರು ಮರೆತ್ರು, ಅದಕ್ಕೇ ನಂಗೆ ಸರಿಯಾದ ಸೀರೆ ಬಂತು, ನಿನ್ನ ಹೊಟ್ಟೆ ತಣ್ಣಗಿರ್ಲಿ ಅಂತ ಬರಿ."

ಹಾಗೇ ಬರೆದೆ. ಹೊಟ್ಟೆ ತಣ್ಣಗಿರಲಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ತಿಳಿಯಲಿಲ್ಲ. ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದೆ.